ಹೆಸರಿಲ್ಲದ ಜಪಾನಿ ಗಿಟಾರ್: ಗುರುತಿಸುವ ಬಗೆ, ನುಡಿಸುವ ಸುಖ

ಹಳೆಯ ವಿದ್ಯುತ್ ಗಿಟಾರಿನ ಬೆಲೆಯನ್ನು ಅದರ ತಲೆಯ ಮೇಲಿನ ಹೆಸರು ನೋಡಿ ಕಟ್ಟುವುದು ವಾದ್ಯಗಳ ಪೇಟೆಯ ರೂಢಿ. ಹೆಸರಿದ್ದರೆ ಲಕ್ಷದ ಮಾತು, ಇಲ್ಲದಿದ್ದರೆ ಗುಜರಿಯ ಲೆಕ್ಕ ಎಂಬ ಈ ರೂಢಿಯಿಂದ ಹೆಚ್ಚು ಅನ್ಯಾಯಕ್ಕೆ ಒಳಗಾದವು 1960 ಮತ್ತು 1970ರ ದಶಕಗಳಲ್ಲಿ ಜಪಾನಿನ ಕಾರ್ಖಾನೆಗಳಲ್ಲಿ ತಯಾರಾಗಿ, ಬೇರೆ ಬೇರೆ ದೇಶಗಳ ವರ್ತಕರ ಕೈಸೇರಿ, ಕೊನೆಗೆ ಯಾರ ಹೆಸರನ್ನೂ ಉಳಿಸಿಕೊಳ್ಳದೆ ಹೋದ ಸಾವಿರಾರು ಗಿಟಾರುಗಳು. ಅವುಗಳಲ್ಲಿ ಹಲವು ಸಾಧಾರಣ ದರ್ಜೆಯವು ಎಂಬುದು ನಿಜ. ಆದರೆ ಹೆಸರಿಲ್ಲ ಎಂದ ಮಾತ್ರಕ್ಕೆ ಇತಿಹಾಸವೂ ಇಲ್ಲ ಎಂದು ತಿಳಿಯುವುದು ತಪ್ಪು, ಏಕೆಂದರೆ ಮರ, ಲೋಹ, ತಂತಿ, ಸ್ಕ್ರೂಗಳ ಮೇಲೆ ತಯಾರಕರ ಕೈ ಬಿಟ್ಟ ಗುರುತುಗಳನ್ನು ತಾಳ್ಮೆಯಿಂದ ಓದಿದರೆ ಇಂತಹ ವಾದ್ಯದ ಕಾಲ, ಊರು, ಕೆಲವೊಮ್ಮೆ ಕಾರ್ಖಾನೆಯೂ ತಿಳಿಯುತ್ತದೆ.

ಈ ಮಾತನ್ನು ಪುಣೆಯಲ್ಲಿ ನಿಂತು ಹೇಳುವುದಕ್ಕೆ ಕಾರಣವಿದೆ. ಇದೇ ನಗರದ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯವು ಅಡಕೊತ್ತು, ದೀಪ, ಪಾತ್ರೆ, ಬಾಗಿಲುವಾಡ, ಸಂಗೀತ ವಾದ್ಯ ಮುಂತಾದ ದಿನಬಳಕೆಯ ವಸ್ತುಗಳನ್ನು, ಅವನ್ನು ಮಾಡಿದವರ ಹೆಸರು ಗೊತ್ತಿಲ್ಲದಿದ್ದರೂ, ಕಲೆಯೆಂದು ಗೌರವಿಸಿ ಜೋಡಿಸಿಟ್ಟಿದೆ. ದಿನಕರ ಕೇಳ್ಕರ್ ಅವರು 1920ರ ಸುಮಾರಿಗೆ ಆರಂಭಿಸಿ, ತೀರಿಹೋದ ಮಗ ರಾಜನ ಹೆಸರಿನಲ್ಲಿ ಬೆಳೆಸಿದ ಆ ಸಂಗ್ರಹವು 1975ರಲ್ಲಿ ಮಹಾರಾಷ್ಟ್ರ ಸರ್ಕಾರಕ್ಕೆ ಸೇರಿತು. ಸಹಿಯಿಲ್ಲದ ಕುಶಲಕರ್ಮಕ್ಕೆ ಅಲ್ಲಿ ದೊರೆತ ನ್ಯಾಯವು ಕಾರ್ಖಾನೆಯಲ್ಲಿ ತಯಾರಾದ ವಾದ್ಯಕ್ಕೂ ಸಲ್ಲಬೇಕು.

ಹೆಸರು ಏಕಿಲ್ಲ?

ಜಪಾನಿನಲ್ಲಿ ವಿದ್ಯುತ್ ಗಿಟಾರಿನ ಕಥೆ ಹವಾಯಿಯನ್ ಗಿಟಾರಿನಿಂದ, ಅಂದರೆ ತೊಡೆಯ ಮೇಲಿಟ್ಟು ಲೋಹದ ಸರಳನ್ನು ತಂತಿಗಳ ಮೇಲೆ ಜಾರಿಸಿ ನುಡಿಸುವ ವಾದ್ಯದಿಂದ ಶುರುವಾಗುತ್ತದೆ. ಮರಗೆಲಸ ಬಲ್ಲ ಮಿತ್ಸುವೊ ಮತ್ಸುಕಿ ಮತ್ತು ಹವಾಯಿಯನ್ ಗಿಟಾರ್ ವಾದಕ ಅತ್ಸುವೊ ಕನೆಕೊ ಇಬ್ಬರೂ 1930ರ ದಶಕದಲ್ಲಿ ಒಟ್ಟಾಗಿ ಇಂತಹ ವಾದ್ಯಗಳನ್ನು ಮಾಡಿದರು. ಯುದ್ಧದ ನಂತರ ಮತ್ಸುಕಿಯವರ ಉದ್ಯಮ ಗುಯಾಟೋನ್ ಎಂದೂ, ಕನೆಕೊ ಅವರು 1946ರಲ್ಲಿ ಜೊತೆಗಾರರೊಡನೆ ಕಟ್ಟಿದ ಸಂಸ್ಥೆ ಮುಂದೆ ಟೈಸ್ಕೊ ಎಂದೂ ಪ್ರಸಿದ್ಧವಾದವು. ಅಮೆರಿಕದ ವೆಂಚರ್ಸ್ ತಂಡ 1965ರ ಜನವರಿಯಲ್ಲಿ ಜಪಾನಿನಲ್ಲಿ ಕಚೇರಿಗಳನ್ನು ನೀಡಿದ ಮೇಲೆ ಅಲ್ಲಿನ ಯುವಜನರಲ್ಲಿ ‘ಎಲೆಕಿ’ ಎಂದು ಕರೆಯಲಾದ ವಿದ್ಯುತ್ ಗಿಟಾರಿನ ಅಲೆ ಎದ್ದಿತು. ಅದೇ ವರ್ಷ ನಟ, ಗಾಯಕ ಯೂಜೊ ಕಯಾಮಾ ಅಭಿನಯದ ಚಲನಚಿತ್ರವೊಂದು ಈ ವಾದ್ಯವನ್ನೇ ಕೇಂದ್ರದಲ್ಲಿಟ್ಟುಕೊಂಡು ತೆರೆಗೆ ಬಂದಿತು. ಬೇಡಿಕೆ ಹೆಚ್ಚಿದಂತೆ ಪೀಠೋಪಕರಣ, ರೇಡಿಯೊ, ಪಿಟೀಲು ಮಾಡುತ್ತಿದ್ದ ಎಷ್ಟೋ ಕಾರ್ಖಾನೆಗಳು ಗಿಟಾರಿನ ಕಡೆಗೆ ತಿರುಗಿದವು.

ನಾಗಾನೊ ಪ್ರಾಂತದ ಮತ್ಸುಮೊತೊ ಪಟ್ಟಣ ಇದಕ್ಕೆ ಅತ್ಯುತ್ತಮ ನಿದರ್ಶನ. ಅಲ್ಲಿ 1951ರಲ್ಲಿ ಆರಂಭವಾದ ಮತ್ಸುಮೊಕು ಕಾರ್ಖಾನೆಯು ಸಿಂಗರ್ ಹೊಲಿಗೆ ಯಂತ್ರಗಳಿಗೆ ಮರದ ಪೆಟ್ಟಿಗೆಗಳನ್ನು ಮಾಡುತ್ತಿತ್ತು. ಅದೇ ಮರಗೆಲಸದ ನೈಪುಣ್ಯ ಮುಂದೆ ಏರಿಯಾ, ಎಪಿಫೋನ್, ವೆಸ್ಟೋನ್ ಮುಂತಾದ ಹೆಸರುಗಳ ಗಿಟಾರುಗಳಿಗೆ ಒದಗಿತು. ಅದೇ ಊರಿನಲ್ಲಿ 1960ರಲ್ಲಿ ಹುಟ್ಟಿದ ಫುಜಿಗೆನ್ ಗಕ್ಕಿಯು ನಗೋಯಾದ ಹೊಶಿನೊ ಸಂಸ್ಥೆಗಾಗಿ ಐಬನೆಜ್ ಗಿಟಾರುಗಳನ್ನು ಮಾಡಿ, 1982ರಲ್ಲಿ ಫೆಂಡರ್ ಸಂಸ್ಥೆಯ ಜಪಾನಿ ಶಾಖೆಗೂ ತಯಾರಕನಾಯಿತು. ಹಮಾಮತ್ಸು ಪಟ್ಟಣದಲ್ಲಿ ಪಿಯಾನೊಗೆ ಹೆಸರಾದ ಕವಾಯ್ ಸಂಸ್ಥೆ 1967ರಲ್ಲಿ ಟೈಸ್ಕೊವನ್ನು ಕೊಂಡುಕೊಂಡಿತು.

ಈ ಕಾರ್ಖಾನೆಗಳು ಬಹುಪಾಲು ರಫ್ತು ವ್ಯಾಪಾರಕ್ಕಾಗಿ ದುಡಿದವು, ಮತ್ತು ರಫ್ತು ವ್ಯಾಪಾರದಲ್ಲಿ ಹೆಸರನ್ನು ಅಂಟಿಸುವ ಅಧಿಕಾರ ಮಾಡಿದವನಿಗಿಂತ ಕೊಂಡವನಿಗೆ ಹೆಚ್ಚಾಗಿತ್ತು. ಒಂದೇ ಸಾಲಿನಿಂದ ಹೊರಬಿದ್ದ ಒಂದೇ ಬಗೆಯ ಗಿಟಾರು ಅಮೆರಿಕದ ಸಿಯರ್ಸ್ ಮಳಿಗೆಯಲ್ಲಿ ಸಿಲ್ವರ್‌ಟೋನ್ ಎಂದೂ, ಬೇರೊಬ್ಬ ಆಮದುದಾರನ ಬಳಿ ಕಿಂಗ್‌ಸ್ಟನ್ ಎಂದೂ, ಬ್ರಿಟನ್ನಿನ ವುಲ್‌ವರ್ತ್ ಮಳಿಗೆಯಲ್ಲಿ ಆಡಿಷನ್ ಎಂದೂ ಮಾರಾಟವಾಗಬಹುದಿತ್ತು. ಖಾಲಿ ತಲೆಯೊಂದಿಗೆ ಬಂದ ವಾದ್ಯಕ್ಕೆ ಅಂಗಡಿಯವರು ತಮ್ಮ ಫಲಕವನ್ನು ಹಚ್ಚುವುದೂ, ಹಚ್ಚದೆ ಹಾಗೆಯೇ ಮಾರುವುದೂ ಇತ್ತು. ಹಚ್ಚಿದ ಫಲಕಗಳಾದರೂ ತೆಳು ಲೋಹದವು ಇಲ್ಲವೆ ಪ್ಲಾಸ್ಟಿಕ್ಕಿನವು. ಅರ್ಧ ಶತಮಾನದಲ್ಲಿ ಅವು ಕಳಚಿ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಹೀಗೆ, ಹೆಸರಿಲ್ಲದಿರುವುದು ಈ ವಾದ್ಯದ ಕೊರತೆಯಲ್ಲ. ಅದು ಹುಟ್ಟಿದ ವ್ಯಾಪಾರ ಪದ್ಧತಿಯ ಸಹಜ ಫಲ.

ಭಾರತದ ಹಾದಿ, ಪುಣೆಯ ಬೀದಿ

ಭಾರತಕ್ಕೆ ಇಂತಹ ಗಿಟಾರುಗಳು ಅಂಗಡಿಯ ಮುಂಬಾಗಿಲಿನಿಂದ ಬಂದದ್ದು ಕಡಿಮೆ. 1950ರ ದಶಕದ ಕೊನೆಯ ವಿದೇಶಿ ವಿನಿಮಯದ ಬಿಕ್ಕಟ್ಟಿನಿಂದ ಹಿಡಿದು 1991ರ ಆರ್ಥಿಕ ಉದಾರೀಕರಣದವರೆಗೆ ಆಮದಿನ ಮೇಲೆ ಪರವಾನಗಿ ಮತ್ತು ಭಾರಿ ಸುಂಕದ ಕಡಿವಾಣವಿತ್ತು. ಹಡಗಿನ ನೌಕರಿಯಿಂದ ಊರಿಗೆ ಬಂದವರ, ವಿದೇಶದಿಂದ ಮರಳಿದ ಬಂಧುಗಳ, ಇಲ್ಲಿ ಕೆಲಕಾಲ ತಂಗಿ ಹೊರಟುಹೋದ ಪ್ರವಾಸಿಗಳ ಸಾಮಾನಿನೊಂದಿಗೆ ಬಂದು ಕೈಯಿಂದ ಕೈಗೆ ದಾಟುವುದೇ ಆ ಕಾಲದಲ್ಲಿ ವಿದೇಶಿ ವಾದ್ಯದ ಸಾಮಾನ್ಯ ಹಾದಿಯಾಗಿತ್ತು. ದಂಡಿನ ಪ್ರದೇಶವಾಗಿ ಬೆಳೆದು ಗೋವೆಯ ಕ್ರೈಸ್ತರು, ಪಾರ್ಸಿಗಳು, ಆಂಗ್ಲೋ-ಇಂಡಿಯನ್ನರು ನೆಲೆಸಿದ ಕ್ಯಾಂಪ್, 1974ರಿಂದ ಅಲ್ಲಿನ ಆಶ್ರಮವೊಂದರ ಕಾರಣಕ್ಕೆ ಪಾಶ್ಚಾತ್ಯ ಯುವಜನರನ್ನು ದೊಡ್ಡ ಸಂಖ್ಯೆಯಲ್ಲಿ ಸೆಳೆದ ಕೋರೆಗಾಂವ್ ಪಾರ್ಕ್, ಬುಧವಾರ ಮತ್ತು ಭಾನುವಾರಗಳಂದು ಮಂಗಳವಾರ ಪೇಟೆಯ ಬಳಿ ಸೇರುವ ಜುನಾ ಬಜಾರ್ ಎಂಬ ಹಳೆಯ ಸಾಮಾನಿನ ಸಂತೆ, ಇವೆಲ್ಲ ಇರುವ ಪುಣೆಯು ಅಂತಹ ವಾದ್ಯವೊಂದು ಹುಡುಕುವವರ ಕಣ್ಣಿಗೆ ಬೀಳಬಹುದಾದ ಊರು.

ಆದರೆ ಜಪಾನಿನ ತಂತಿವಾದ್ಯವೊಂದು ಹೆಸರು ಕಳೆದುಕೊಂಡು ಮಹಾರಾಷ್ಟ್ರದ ಬೀದಿಯಲ್ಲಿ ಹೊಸ ಬಾಳು ಕಂಡ ಕಥೆ ಗಿಟಾರಿಗಿಂತಲೂ ಹಳೆಯದು. 1912ರಲ್ಲಿ, ತೈಶೊ ಚಕ್ರವರ್ತಿಯ ಆಳ್ವಿಕೆ ಆರಂಭವಾದ ವರ್ಷ, ನಗೋಯಾದ ಮೊರಿಟಾ ಗೊರೊ ಎಂಬ ಕಲಾವಿದ ಎರಡು ತಂತಿಗಳ ಹಳೆಯ ಜಪಾನಿ ವಾದ್ಯಕ್ಕೆ ಬೆರಳಚ್ಚು ಯಂತ್ರದಂತಹ ಕೀಲಿಗಳನ್ನು ಜೋಡಿಸಿ ತೈಶೊಗೊತೊ ಎಂಬ ವಾದ್ಯವನ್ನು ರೂಪಿಸಿದ. ಎಡಗೈಯಿಂದ ಕೀಲಿ ಒತ್ತಿದಾಗ ಅದು ತಂತಿಯನ್ನು ಆಯಾ ಸ್ವರಸ್ಥಾನದಲ್ಲಿ ಅದುಮುತ್ತದೆ, ಬಲಗೈಯಲ್ಲಿ ಮೀಟುವ ಚಿಪ್ಪು ಇರುತ್ತದೆ. ಅಗ್ಗವೂ ಸುಲಭವೂ ಆದ ಈ ವಾದ್ಯ ಬಾಲಿ ದ್ವೀಪದಿಂದ ಪೂರ್ವ ಆಫ್ರಿಕಾದ ಕರಾವಳಿಯವರೆಗೆ ಹರಡಿತು. ಬಲೂಚಿಸ್ತಾನದಲ್ಲಿ ಬೆಂಜು, ಭಾರತದಲ್ಲಿ ಬುಲ್‌ಬುಲ್ ತರಂಗ್ ಆಯಿತು. ಮಹಾರಾಷ್ಟ್ರದಲ್ಲಿ ಬ್ಯಾಂಜೊ ಎಂದು ಕರೆಸಿಕೊಂಡು, ಪಿಕಪ್ ಮತ್ತು ಆಂಪ್ಲಿಫೈಯರುಗಳನ್ನು ಧರಿಸಿ, ಗಣೇಶೋತ್ಸವದ, ಮದುವೆಯ ಮೆರವಣಿಗೆಗಳಲ್ಲಿ ಬ್ಯಾಂಜೊ ಪಾರ್ಟಿಗಳ ಮುಖ್ಯ ಸ್ವರವಾಯಿತು. ಪುಣೆಯ ವಿಸರ್ಜನಾ ಮೆರವಣಿಗೆಗೆ ಢೋಲ್-ತಾಶಾದ ಹೆಗ್ಗಳಿಕೆ ಹೆಚ್ಚು, ಬ್ಯಾಂಜೊಗೆ ಮುಂಬೈ ಮತ್ತು ಕೊಂಕಣಗಳಲ್ಲಿ ಒಲವು ಹೆಚ್ಚು. 2016ರಲ್ಲಿ ರವಿ ಜಾಧವ್ ನಿರ್ದೇಶಿಸಿದ ಹಿಂದಿ ಚಿತ್ರ ‘ಬ್ಯಾಂಜೊ’ ಈ ವಾದಕರ ಬದುಕನ್ನೇ ವಸ್ತುವಾಗಿಸಿಕೊಂಡಿತು. ಈ ವಾದ್ಯವನ್ನು ಕೊಳ್ಳುವಾಗ ಯಾರೂ ಅದರ ಮೇಲೆ ಯಾವ ಕಂಪನಿಯ ಹೆಸರಿದೆ ಎಂದು ಕೇಳುವುದಿಲ್ಲ. ಕೀಲಿ ಸಲೀಸಾಗಿ ಏಳುತ್ತದೆಯೇ, ಸ್ವರ ಸರಿಯಾಗಿ ನಿಲ್ಲುತ್ತದೆಯೇ, ಬೀದಿಯ ಗದ್ದಲದಲ್ಲಿ ದನಿ ಮುಂದಕ್ಕೆ ಬರುತ್ತದೆಯೇ ಎಂದು ನೋಡುತ್ತಾರೆ. ಗಿಟಾರಿನ ಪರೀಕ್ಷೆಯೂ ಅಲ್ಲಿಂದಲೇ ಆರಂಭವಾಗಬೇಕು.

ಮೈಮೇಲಿನ ಗುರುತುಗಳು

ಪರೀಕ್ಷೆಯನ್ನು ತಲೆಯಿಂದ, ಅಂದರೆ ಬಿರಡೆಗಳಿರುವ ಹೆಡ್‌ಸ್ಟಾಕ್‌ನಿಂದ ಶುರುಮಾಡುವುದು ಅನುಕೂಲ. ವಾದ್ಯವನ್ನು ಕಿಟಕಿಯ ಬಳಿ ಓರೆಯಾಗಿ ಹಿಡಿದರೆ, ಕಳಚಿಹೋದ ಫಲಕದ ಕೆಳಗಿನ ಬಣ್ಣ ಸುತ್ತಲಿನ ಬಣ್ಣಕ್ಕಿಂತ ತಿಳಿಯಾಗಿಯೋ ಗಾಢವಾಗಿಯೋ ಉಳಿದು ಅದರ ಆಕಾರವನ್ನು ತೋರಿಸುತ್ತದೆ. ಫಲಕವನ್ನು ಮೊಳೆ ಹೊಡೆದು ಕೂರಿಸಿದ್ದರೆ ಸೂಜಿಮೊನೆಯಷ್ಟು ಸಣ್ಣ ಎರಡು ತೂತುಗಳಿರುತ್ತವೆ. ಆ ತೂತುಗಳ ನಡುವಿನ ಅಂತರವನ್ನು ಅಳೆದು, ಹೆಸರು ಉಳಿದಿರುವ ಅದೇ ಮಾದರಿಯ ಗಿಟಾರುಗಳ ಚಿತ್ರಗಳೊಂದಿಗೆ ಹೋಲಿಸಿದರೆ ಮೂಲ ಹೆಸರು ಹೊರಬೀಳುವ ಸಾಧ್ಯತೆಯಿದೆ. ಕೆಲವು ತಲೆಗಳ ಹಿಂಬದಿಯಲ್ಲಿ ‘ಮೇಡ್ ಇನ್ ಜಪಾನ್’ ಎಂಬ ಚಿಕ್ಕ ಕಾಗದದ ಚೀಟಿಯೋ ಅದರ ಅಂಟಿನ ಕಲೆಯೋ ಇರುತ್ತದೆ. ಆಮದಾದ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕು ಎಂಬ ಅಮೆರಿಕದ 1930ರ ಸುಂಕ ಕಾಯ್ದೆಯ ನಿಯಮವನ್ನು ಪಾಲಿಸಲು ಇಂತಹ ಗುರುತು ಬೇಕಾಗುತ್ತಿತ್ತು. ತಲೆಯಿಂದ ಫಿಂಗರ್‌ಬೋರ್ಡಿಗೆ ಇಳಿಯುವಲ್ಲಿ ಎಣಿಕೆಗೆ ಸೇರದ ಒಂದು ಹೆಚ್ಚಿನ ಮೆಟ್ಟಿಲು, ಅಂದರೆ ಶೂನ್ಯ ಫ್ರೆಟ್, ಇದ್ದರೆ ಅದು 1960ರ ದಶಕದ ಜಪಾನಿ ವಾದ್ಯಗಳಲ್ಲಿ ಪದೇ ಪದೇ ಕಾಣುವ ಲಕ್ಷಣ.

ನಂತರ ಕುತ್ತಿಗೆ. ಈ ಕಾಲದ ಜಪಾನಿ ಗಿಟಾರುಗಳಲ್ಲಿ ಕುತ್ತಿಗೆಯನ್ನು ಸಾಮಾನ್ಯವಾಗಿ ಅಂಟಿನ ಬದಲು ನಾಲ್ಕು ಸ್ಕ್ರೂಗಳಿಂದ ಮೈಗೆ ಬಿಗಿಯಲಾಗುತ್ತಿತ್ತು, ಮತ್ತು ಆ ಸ್ಕ್ರೂಗಳ ಕೆಳಗೆ ಒಂದು ಲೋಹದ ಪಟ್ಟಿ ಇರುತ್ತಿತ್ತು. ಆ ಪಟ್ಟಿಯ ಮೇಲಿನ ಬರಹ ಬಹಳ ಉಪಯುಕ್ತ. ‘ಸ್ಟೀಲ್ ರೀಇನ್‌ಫೋರ್ಸ್ಡ್ ನೆಕ್’ ಎಂದಿದ್ದರೆ ಒಳಗೆ ಉಕ್ಕಿನ ಸರಳಿದೆ, ಆದರೆ ಅದನ್ನು ತಿರುಗಿಸಿ ಕುತ್ತಿಗೆಯ ಬಾಗನ್ನು ಸರಿಪಡಿಸಲಾಗದು ಎಂದು ತಿಳಿಯಬಹುದು. ‘ಸ್ಟೀಲ್ ಅಡ್ಜಸ್ಟಬಲ್ ನೆಕ್’ ಎಂದಿದ್ದರೆ ಅದರಲ್ಲಿ ಬಾಗನ್ನು ಹೊಂದಿಸುವ ಟ್ರಸ್ ರಾಡ್ ಇದೆ, ಮತ್ತು ಅಂತಹ ಪಟ್ಟಿ ಮತ್ಸುಮೊಕು ಕಾರ್ಖಾನೆಯ 1970ರ ದಶಕದ ಗಿಟಾರುಗಳಲ್ಲಿ ಹೆಚ್ಚಾಗಿ ಕಾಣಸಿಗುತ್ತದೆ. ಪಟ್ಟಿಯ ಮೇಲಿನ ಕ್ರಮಸಂಖ್ಯೆಯನ್ನು ಮಾತ್ರ ಎಚ್ಚರದಿಂದ ಓದಬೇಕು. ಫುಜಿಗೆನ್ ಕಾರ್ಖಾನೆಯ ಐಬನೆಜ್ ಗಿಟಾರುಗಳಲ್ಲಿ 1970ರ ದಶಕದ ಮಧ್ಯಭಾಗದಿಂದ ಮೊದಲ ಅಕ್ಷರ ತಿಂಗಳನ್ನೂ ಮುಂದಿನ ಎರಡು ಅಂಕಿಗಳು ವರ್ಷವನ್ನೂ ಸೂಚಿಸುತ್ತವೆ. ‘ಎಫ್’ ಅಕ್ಷರದ ನಂತರ 78 ಎಂದಿದ್ದರೆ ಅದು 1978ರ ಜೂನ್. ಆದರೆ ಈ ನಿಯಮವನ್ನು ಬೇರೆ ಕಾರ್ಖಾನೆಗಳ ಸಂಖ್ಯೆಗಳಿಗೆ ಹಚ್ಚಿ ವರ್ಷ ಹೇಳುವುದು ದಾರಿ ತಪ್ಪಿಸುತ್ತದೆ. 1960ರ ದಶಕದ ಎಷ್ಟೋ ವಾದ್ಯಗಳಲ್ಲಿ ಸಂಖ್ಯೆಯೇ ಇಲ್ಲ.

ಮೈಯ ಮರ ಮೂರನೆಯ ಸಾಕ್ಷಿ. ಕುತ್ತಿಗೆಯನ್ನು ಬಿಚ್ಚಿದಾಗ ಅದು ಕೂರುವ ಗುಳಿಯಲ್ಲಿ ಬಣ್ಣವಿಲ್ಲದ ಮರ ಕಾಣುತ್ತದೆ. ಅಲ್ಲಿ ಪದರ ಪದರವಾಗಿ ಗೆರೆಗಳಿದ್ದರೆ ಮೈ ಪ್ಲೈವುಡ್ಡಿನದು. ಕೆಂಪು ಛಾಯೆಯ ಹಗುರ ಮರವಾಗಿದ್ದರೆ ಆಗ್ನೇಯ ಏಷ್ಯಾದ ಲವಾನ್ ಆಗಿರಬಹುದು. ಎದ್ದುಕಾಣುವ ಎಳೆಗಳ ತಿಳಿ ಬಣ್ಣದ ಮರವಾಗಿದ್ದರೆ ಜಪಾನಿನ ಸೆನ್ ಆಗಿರಬಹುದು. ಈ ಗುಳಿಯಲ್ಲಿಯೇ ಕೆಲವೊಮ್ಮೆ ಕೆಲಸಗಾರರು ಪೆನ್ಸಿಲಿನಿಂದ ಬರೆದ ಅಂಕಿಗಳೋ ಒತ್ತಿದ ಮುದ್ರೆಯೋ ಸಿಗುತ್ತದೆ, ಮತ್ತು ಹೆಸರಿಲ್ಲದ ಗಿಟಾರನ್ನು ಮಾಡಿದ ವ್ಯಕ್ತಿಗೆ ಇಂದಿನವರು ಅತಿ ಹತ್ತಿರ ಬರುವ ಜಾಗ ಅದೇ. ಫಿಂಗರ್‌ಬೋರ್ಡಿನ ಮರ ಕನ್ನಡಿಗರಿಗೆ ಇನ್ನೊಂದು ಕಾರಣಕ್ಕೆ ಆಪ್ತವಾಗಬಹುದು. ಬ್ರೆಜಿಲ್ ದೇಶದ ಬೀಟೆ ಸಿಗುವುದು 1960ರ ದಶಕದಲ್ಲಿ ಕಷ್ಟವಾಗುತ್ತ ಹೋದಂತೆ ಜಗತ್ತಿನ ಗಿಟಾರ್ ತಯಾರಕರು ಪಶ್ಚಿಮ ಘಟ್ಟಗಳಲ್ಲಿಯೂ ಬೆಳೆಯುವ ಭಾರತೀಯ ಬೀಟೆಯ ಕಡೆಗೆ ತಿರುಗಿದರು. ಮೈಸೂರಿನ ಕೆತ್ತನೆಯ ಪೀಠೋಪಕರಣಗಳಿಗೆ ಒದಗಿದ ಮರದ ಜಾತಿಯೇ ದೂರದೇಶದ ಗಿಟಾರುಗಳ ಬೆರಳ ಹಲಗೆಯೂ ಆಯಿತು.

ನಾಲ್ಕನೆಯ ಮತ್ತು ಅತ್ಯಂತ ನಂಬಿಕೆಯ ಸಾಕ್ಷಿ ಪಿಕಪ್. ಅಯಸ್ಕಾಂತದ ಸುತ್ತ ಕೂದಲೆಳೆಯಂತಹ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ ಮಾಡಿದ ಈ ಸಾಧನದ ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರದಲ್ಲಿ ಏರಿಳಿತವಾಗಿ ಸುರುಳಿಯಲ್ಲಿ ವಿದ್ಯುತ್ ಸಂಕೇತ ಹುಟ್ಟುತ್ತದೆ. ಮೈಯ ಆಕಾರವನ್ನು ಎಲ್ಲರೂ ಎಲ್ಲರಿಂದಲೂ ನಕಲು ಮಾಡಿದರು, ಆದರೆ ಪಿಕಪ್ಪಿನ ಹೊದಿಕೆ, ಕೂರಿಸುವ ವಿಧಾನ, ತಳದ ಲೋಹದ ತಗಡು ಇವು ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆಯಾಗಿದ್ದವು. ಲೋಹದ ಚೌಕಟ್ಟಿನೊಳಗೆ ಚಿನ್ನದ ಬಣ್ಣದ, ನಕ್ಕಾಶಿಯ ಹಾಳೆ ಹೊಳೆಯುವ ‘ಗೋಲ್ಡ್ ಫಾಯಿಲ್’ ಪಿಕಪ್ ಟೈಸ್ಕೊ, ಗುಯಾಟೋನ್ ಮತ್ತು ಅವುಗಳ ಸಮಕಾಲೀನರ ವಾದ್ಯಗಳನ್ನು ನೆನಪಿಸುತ್ತದೆ. ಪ್ರತಿ ಪಿಕಪ್ಪಿಗೂ ಒಂದೊಂದು ಗುಂಡಿ, ಪಟ್ಟೆಪಟ್ಟೆಯ ಲೋಹದ ಫಲಕ, ಒಂದು ಬದಿ ಒತ್ತಿದರೆ ಇನ್ನೊಂದು ಬದಿ ಏಳುವ ರಾಕರ್ ಸ್ವಿಚ್ಚುಗಳ ಸಾಲು ಇವೆಲ್ಲ ಜೊತೆಗಿದ್ದರೆ ವಾದ್ಯ 1960ರ ದಶಕದ ನಡುಭಾಗದ್ದೆಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಅಮೆರಿಕದ ಗಿಬ್ಸನ್, ಫೆಂಡರ್ ಮಾದರಿಗಳ ಕಟ್ಟುನಿಟ್ಟಾದ ನಕಲಾಗಿದ್ದರೆ ಅದು 1970ರ ದಶಕದ್ದಾಗಿರುವ ಸಂಭವ ಹೆಚ್ಚು.

ಇಲ್ಲಿ ಮಾರಾಟಗಾರರ ಮಾತೊಂದನ್ನು ತಿದ್ದಬೇಕಾಗಿದೆ. ಆ ಕಾಲದ ಪ್ರತಿಯೊಂದು ಜಪಾನಿ ನಕಲನ್ನೂ ‘ಲಾಸೂಟ್ ಗಿಟಾರ್’, ಅಂದರೆ ಮೊಕದ್ದಮೆಗೆ ಗುರಿಯಾದ ಗಿಟಾರ್, ಎಂದು ಹೊಗಳಿ ಬೆಲೆ ಏರಿಸುವುದುಂಟು. ನಿಜವಾದ ಮೊಕದ್ದಮೆಯನ್ನು ಗಿಬ್ಸನ್‌ನ ಒಡೆತನ ಹೊಂದಿದ್ದ ನಾರ್ಲಿನ್ ಸಂಸ್ಥೆಯು 1977ರಲ್ಲಿ ಹೊಶಿನೊದ ಅಮೆರಿಕದ ಅಂಗವಾದ ಎಲ್ಗರ್ ಮೇಲೆ ಫಿಲಡೆಲ್ಫಿಯಾದಲ್ಲಿ ಹೂಡಿತು. ವಿವಾದ ಹೆಡ್‌ಸ್ಟಾಕಿನ ಆಕಾರಕ್ಕೆ ಸಂಬಂಧಿಸಿತ್ತು, ಮತ್ತು ಮರುವರ್ಷ ರಾಜಿಯಲ್ಲಿ ಮುಗಿಯಿತು. ಹೆಸರಿಲ್ಲದ ಗಿಟಾರಿಗೆ ಈ ಬಿರುದನ್ನು ತೊಡಿಸಿ ಹೆಚ್ಚು ಹಣ ಕೇಳಿದರೆ ಕೊಡಬೇಕಾಗಿಲ್ಲ. ಅಂತೆಯೇ, ಯಾವ ಒಂದು ಗುರುತನ್ನೂ ಪೂರ್ತಿ ನಂಬಬಾರದು. ಐವತ್ತು ವರ್ಷಗಳಲ್ಲಿ ಬಿರಡೆ, ಕುದುರೆ, ಪಿಕಪ್ ಯಾವುದು ಬೇಕಾದರೂ ಬದಲಾಗಿರಬಹುದು, ಕೊರಿಯಾ ದೇಶದ ನಂತರದ ಗಿಟಾರುಗಳೂ ಕೋಲ್ಕತ್ತದ ದೇಶೀ ಗಿಟಾರುಗಳೂ ಜಪಾನಿನವೆಂದು ಕೈ ಬದಲಾಯಿಸಬಹುದು. ಮೂರು ನಾಲ್ಕು ಗುರುತುಗಳು ಒಂದೇ ದಿಕ್ಕನ್ನು ತೋರಿಸಿದಾಗ ಮಾತ್ರ ತೀರ್ಮಾನಕ್ಕೆ ಬರಬೇಕು.

ಮತ್ತೆ ನುಡಿಯುವಂತೆ ಮಾಡುವುದು

ಗುರುತಿಸಿದ ವಾದ್ಯವನ್ನು ನುಡಿಯುವಂತೆ ಮಾಡುವ ಕೆಲಸದ ಮೊದಲ ಸೂತ್ರ, ಮೂಲದ ಯಾವ ಭಾಗವನ್ನೂ ಎಸೆಯಬಾರದು ಎಂಬುದು. ಎರಡನೆಯದು, ಸರಿಯಾದ ಉಪಕರಣವಿಲ್ಲದೆ ಸ್ಕ್ರೂ ಮುಟ್ಟಬಾರದು ಎಂಬುದು. ಜಪಾನಿನ ಕೈಗಾರಿಕಾ ಮಾನದಂಡದ ಅಡ್ಡ-ಉದ್ದ ಗೀರಿನ ಸ್ಕ್ರೂಗಳು ಸಾಮಾನ್ಯ ಫಿಲಿಪ್ಸ್ ಸ್ಕ್ರೂಗಳಂತೆಯೇ ಕಂಡರೂ ಗೀರಿನ ಒಳರೂಪ ಸ್ವಲ್ಪ ಬೇರೆ; ಫಿಲಿಪ್ಸ್ ಸ್ಕ್ರೂಡ್ರೈವರಿನಿಂದ ಬಲವಾಗಿ ತಿರುಗಿಸಿದರೆ ಅದು ಜಾರಿ ತಲೆ ಸವೆದುಹೋಗುತ್ತದೆ.

ತಂತಿಗಳು ಫಿಂಗರ್‌ಬೋರ್ಡಿನಿಂದ ಬಹಳ ಎತ್ತರದಲ್ಲಿ ನಿಂತು ಬೆರಳು ನೋಯಿಸುವುದು ಈ ಗಿಟಾರುಗಳ ಮೇಲಿರುವ ಸಾಮಾನ್ಯ ದೂರು, ಮತ್ತು ಅದಕ್ಕೆ ಪರಿಹಾರವೂ ಸರಳ: ಕುತ್ತಿಗೆ ಕೂರುವ ಗುಳಿಯಲ್ಲಿ ತೆಳುವಾದ ಗಟ್ಟಿ ಮರದ ಚಕ್ಕೆಯೊಂದನ್ನು ಇಟ್ಟು ಕುತ್ತಿಗೆಯ ಕೋನವನ್ನು ತುಸು ಬದಲಾಯಿಸಿದರೆ ತಂತಿಗಳು ಕೆಳಗಿಳಿಯುತ್ತವೆ. ಟ್ರಸ್ ರಾಡ್ ಇಲ್ಲದ ಕುತ್ತಿಗೆಗೆ ದಪ್ಪ ತಂತಿಗಳ ಎಳೆತ ಹೊರಿಸದೆ, ಮೊದಲ ತಂತಿ 0.009 ಅಂಗುಲದ ತೆಳು ಸೆಟ್ಟು ಹಾಕುವುದು ಕ್ಷೇಮ. ಆಮೇಲೆ ಕುದುರೆಯ ಜಾಗವನ್ನು ಸರಿಪಡಿಸಬೇಕು. ಹನ್ನೆರಡನೆಯ ಮೆಟ್ಟಿಲು ತಂತಿಯ ಉದ್ದವನ್ನು ಅರ್ಧ ಮಾಡುವ ಜಾಗ, ಆದ್ದರಿಂದ ಅಲ್ಲಿ ಒತ್ತಿ ಮೀಟಿದಾಗ ಬಿಡಿ ತಂತಿಯ ಷಡ್ಜಕ್ಕೆ ಸರಿಯಾಗಿ ತಾರ ಷಡ್ಜ ಬರಬೇಕು. ಸ್ವರ ಏರಿದ್ದರೆ ಕುದುರೆಯನ್ನು ಹಿಂದಕ್ಕೂ, ಇಳಿದಿದ್ದರೆ ಮುಂದಕ್ಕೂ ಸರಿಸಬೇಕು. ವೀಣೆಯ ಮೇಳ ಕಟ್ಟುವವರಷ್ಟೇ ಎಚ್ಚರದ ಕಿವಿ ಇಲ್ಲಿಯೂ ಬೇಕಾಗುತ್ತದೆ.

ವಿದ್ಯುತ್ತಿನ ಭಾಗದಲ್ಲಿ ಪುಣೆಯ ನಿವಾಸಿಗಳಿಗೆ ಅನುಕೂಲ ಹೆಚ್ಚು, ಏಕೆಂದರೆ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಯಂತಹ ಎಲೆಕ್ಟ್ರಾನಿಕ್ಸ್ ಪೇಟೆಯೇ ಇಲ್ಲಿದೆ. ಗುಂಡಿ ತಿರುಗಿಸಿದಾಗ ಬರುವ ಕರಕರ ಸದ್ದಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಾಕಾಗುತ್ತದೆ. ಸಾಕಾಗದಿದ್ದರೆ 500 ಕಿಲೊ ಓಮ್‌ನ ಜಾಗದಲ್ಲಿ ಸುಲಭವಾಗಿ ಸಿಗುವ 470 ಕಿಲೊ ಓಮ್‌ನ ಪೊಟೆನ್ಷಿಯೊಮೀಟರ್ ಹಾಕಿದರೂ ನಡೆಯುತ್ತದೆ. ಪಿಕಪ್ ಸತ್ತಿದೆಯೇ ಎಂದು ತಿಳಿಯಲು ಮಲ್ಟಿಮೀಟರಿನಿಂದ ಅದರ ಎರಡು ತುದಿಗಳ ನಡುವಿನ ರೋಧವನ್ನು ಅಳೆಯಬೇಕು. ಕೆಲವು ಸಾವಿರ ಓಮ್ ತೋರಿಸಿದರೆ ಸುರುಳಿ ಜೀವಂತವಾಗಿದೆ, ಏನೂ ತೋರಿಸದಿದ್ದರೆ ಎಲ್ಲೋ ಎಳೆ ತುಂಡಾಗಿದೆ. ಕುದುರೆಗೆ ನೆಲದ ತಂತಿಯ ಬೆಸುಗೆ ಬಿಟ್ಟಿದ್ದರೆ ಗುಂಯ್‌ಗುಡುವ ಸದ್ದು ಹೆಚ್ಚುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ಗಿಟಾರಿನೊಂದಿಗೆ ಹಳೆಯ ಜಪಾನಿ ಆಂಪ್ಲಿಫೈಯರೂ ದೊರೆತಿದ್ದರೆ ಅದನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಚುಚ್ಚಬಾರದು. ಜಪಾನಿನ ಮನೆಗಳ ವಿದ್ಯುತ್ 100 ವೋಲ್ಟ್, ಇಲ್ಲಿನದು 230 ವೋಲ್ಟ್. ತಕ್ಕ ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಾಕಿದರೆ ಯಂತ್ರ ಸುಡುತ್ತದೆ. ನೆಲದ ಸಂಪರ್ಕವಿಲ್ಲದ ಎರಡು ಕಡ್ಡಿಯ ಹಳೆಯ ಪ್ಲಗ್ಗುಗಳಿಂದ ವಾದಕನ ಕೈಯಲ್ಲಿರುವ ಉಕ್ಕಿನ ತಂತಿಗೂ ವಿದ್ಯುತ್ ಹರಿಯುವ ಅಪಾಯವಿದೆ, ಆದ್ದರಿಂದ ಅರ್ಹ ತಂತ್ರಜ್ಞರಿಂದ ಮೂರು ಕಡ್ಡಿಯ ಪ್ಲಗ್ ಹಾಕಿಸಿದ ಮೇಲೆಯೇ ನುಡಿಸಬೇಕು. ಪುಣೆಯ ಹವೆಯೂ ಗಮನ ಬೇಡುತ್ತದೆ: ಏಪ್ರಿಲ್-ಮೇ ತಿಂಗಳ ಒಣ ಬಿಸಿಲಿಗೆ ಫಿಂಗರ್‌ಬೋರ್ಡ್ ಕುಗ್ಗಿ ಮೆಟ್ಟಿಲುಗಳ ತುದಿಗಳು ಅಂಗೈಗೆ ಚುಚ್ಚುತ್ತವೆ, ಜೂನ್ ನಂತರದ ತೇವಕ್ಕೆ ಮರ ಉಬ್ಬಿ ಲೋಹ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಚೀಲದೊಂದಿಗೆ ಪೆಟ್ಟಿಗೆಯಲ್ಲಿಡುವುದು, ನುಡಿಸಿದ ಮೇಲೆ ತಂತಿಗಳ ಬೆವರು ಒರೆಸುವುದು, ಇವು ಖರ್ಚಿಲ್ಲದ ಉಪಾಯಗಳು.

ಇದರದೇ ದನಿ

ಹೆಸರಾಂತ ಅಮೆರಿಕದ ಗಿಟಾರಿನ ದನಿಯನ್ನು ಈ ಜಪಾನಿ ಗಿಟಾರಿನಿಂದ ನಿರೀಕ್ಷಿಸಿದವರು ನಿರಾಶರಾಗುತ್ತಾರೆ, ಇದರದೇ ದನಿಯನ್ನು ಕೇಳಿದವರು ಮನಸೋಲುತ್ತಾರೆ. ರಬ್ಬರ್ ಬೆರೆಸಿದ ಅಯಸ್ಕಾಂತವಿರುವ ಗೋಲ್ಡ್ ಫಾಯಿಲ್ ಪಿಕಪ್‌ನ ಸಂಕೇತ ದುರ್ಬಲ. ಆ ಕಾರಣದಿಂದಲೇ ಅದು ಮೀಟಿನ ಮೃದುತ್ವ, ಬೆರಳಿನ ಒರೆತ, ತಂತಿಯ ಕೊನೆಯ ಉಸಿರು ಎಲ್ಲವನ್ನೂ ಕಳೆಯದೆ ಹಿಡಿದುಕೊಡುತ್ತದೆ. ಅಮೆರಿಕದ ರೈ ಕೂಡರ್ ತಮ್ಮ ಫೆಂಡರ್ ಸ್ಟ್ರ್ಯಾಟೊಕಾಸ್ಟರಿನಲ್ಲಿ ಟೈಸ್ಕೊದ ಇಂತಹ ಪಿಕಪ್ಪನ್ನು ಹಾಕಿಸಿಕೊಂಡು ಸ್ಲೈಡ್ ವಾದನಕ್ಕೆ ಬಳಸಿದ ಮೇಲೆ, ಒಂದು ಕಾಲದಲ್ಲಿ ಅಗ್ಗದ ಮಾಲೆನಿಸಿದ ಈ ಭಾಗಕ್ಕೆ ಬೇಡಿಕೆ ಬಂದಿತು. ಮೋಹನವೀಣೆಯ ವಿಶ್ವಮೋಹನ ಭಟ್ ಅವರೊಂದಿಗೆ 1993ರಲ್ಲಿ ‘ಎ ಮೀಟಿಂಗ್ ಬೈ ದ ರಿವರ್’ ಧ್ವನಿಮುದ್ರಿಕೆಯನ್ನು ಹೊರತಂದು ಗ್ರ್ಯಾಮಿ ಪಡೆದವರೂ ಇದೇ ಕೂಡರ್.

ಜಾರುವ ಸ್ವರಕ್ಕೆ ಒಲಿಯುವ ಈ ಗುಣ ಭಾರತೀಯ ಸಂಗೀತಕ್ಕೆ ಹತ್ತಿರದ್ದು. ಬ್ರಿಜ್‌ಭೂಷಣ್ ಕಾಬ್ರಾ ಅವರು ಹಿಂದೂಸ್ತಾನಿ ರಾಗಗಳಿಗೆ ಗಿಟಾರನ್ನು ಒಗ್ಗಿಸಿ, 1967ರ ‘ಕಾಲ್ ಆಫ್ ದ ವ್ಯಾಲಿ’ ಧ್ವನಿಮುದ್ರಿಕೆಯಲ್ಲಿ ಶಿವಕುಮಾರ ಶರ್ಮಾ ಮತ್ತು ಹರಿಪ್ರಸಾದ್ ಚೌರಾಸಿಯಾ ಅವರ ಜೊತೆ ನುಡಿಸಿದರು, ಯು. ಶ್ರೀನಿವಾಸ್ ಅವರು ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿ ಕರ್ನಾಟಕ ಸಂಗೀತದ ಗಮಕವನ್ನು ಹೊರಡಿಸಿದರು. ಕನ್ನಡ ಚಿತ್ರಸಂಗೀತದಲ್ಲಿಯೂ ಗಿಟಾರಿಗೆ ಗೌರವದ ಸ್ಥಾನವಿದೆ: ಜಿ.ಕೆ. ವೆಂಕಟೇಶ್ ಅವರ ವಾದ್ಯವೃಂದದಲ್ಲಿ ಗಿಟಾರ್ ನುಡಿಸುತ್ತ, ಸಹಾಯಕರಾಗಿ ದುಡಿಯುತ್ತ ಬೆಳೆದವರು ಇಳಯರಾಜಾ. ಹೆಸರಿಲ್ಲದ ಹಳೆಯ ಗಿಟಾರಿನ ಎರಡು ಮೂರು ತಂತಿಗಳನ್ನು ಸಾ-ಪಾ ಶ್ರುತಿಗೆ ಇಳಿಸಿ, ಸಣ್ಣ ಆಂಪ್ಲಿಫೈಯರಿನಲ್ಲಿ ದನಿಯನ್ನು ಒಡೆಯದೆ, ಗಾಜಿನ ಕೊಳವೆಯನ್ನು ಜಾರಿಸಿ ಭೂಪವನ್ನೋ ದುರ್ಗಾವನ್ನೋ ನಿಧಾನವಾಗಿ ಬಿಡಿಸಿದರೆ ಎತ್ತರದ ತಂತಿ, ದುರ್ಬಲ ಸಂಕೇತ ಎಂಬ ದೋಷಗಳೇ ಅನುಕೂಲಗಳಾಗುತ್ತವೆ.

ಸವಾಯಿ ಗಂಧರ್ವರ ಸ್ಮರಣೆಯಲ್ಲಿ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಉತ್ಸವ ಆರಂಭಿಸಿದ ಊರು ಪುಣೆ. ಮಿರಜ್‌ನ ಸಿತಾರ್ ಮತ್ತು ತಂಬೂರಿ ತಯಾರಕರ ಕಲೆಗೆ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಬಂದದ್ದನ್ನು ಸಂತೋಷದಿಂದ ಕಂಡದ್ದೂ ಈ ಸೀಮೆಯೇ. ವಾದ್ಯ ಮಾಡುವ ಕೈಗೆ ಬೆಲೆ ಕೊಡುವುದು ಇಲ್ಲಿನವರಿಗೆ ಹೊಸತಲ್ಲ. ಅದೇ ಗೌರವವನ್ನು ಮತ್ಸುಮೊತೊ, ನಗೋಯಾ, ಹಮಾಮತ್ಸುಗಳ ಅಜ್ಞಾತ ಕೆಲಸಗಾರರಿಗೂ ತೋರುವುದಾದರೆ ಎರಡು ಕೆಲಸಗಳನ್ನು ಬಿಡಬೇಕು. ಗೋಲ್ಡ್ ಫಾಯಿಲ್ ಪಿಕಪ್ಪಿಗೆ ಒಳ್ಳೆಯ ಬೆಲೆಯಿದೆ ಎಂದು ಇಡೀ ಗಿಟಾರನ್ನು ಬಿಚ್ಚಿ ಬಿಡಿಭಾಗಗಳಾಗಿ ಮಾರುವುದು ಒಂದು. ಖಾಲಿ ತಲೆಯ ಮೇಲೆ ದೊಡ್ಡ ಕಂಪನಿಯ ಸುಳ್ಳು ಹೆಸರು ಅಂಟಿಸುವುದು ಇನ್ನೊಂದು. ಮೊದಲನೆಯದರಿಂದ ವಾದ್ಯ ಸಾಯುತ್ತದೆ, ಎರಡನೆಯದರಿಂದ ಅದರ ಚರಿತ್ರೆ ಸಾಯುತ್ತದೆ. ಮನೆಯ ಅಟ್ಟದಲ್ಲೋ ಹಳೆಯ ಸಾಮಾನಿನ ಸಂತೆಯಲ್ಲೋ ಇಂತಹ ಗಿಟಾರು ಸಿಕ್ಕವರು ಅದರ ಗುರುತುಗಳನ್ನು ಬರೆದು, ಚಿತ್ರ ತೆಗೆದು ಪೆಟ್ಟಿಗೆಯಲ್ಲಿಡಲಿ. ಹೊಸ ತಂತಿ ಹಾಕಿಸಿ ನುಡಿಸಲಿ, ನುಡಿಸಲು ಬಾರದಿದ್ದರೆ ಕಲಿಯುವ ಆಸೆಯಿರುವ ಹುಡುಗಿಗೋ ಹುಡುಗನಿಗೋ ಕೊಡಲಿ.